ತಾಮ್ರಪಟದಲ್ಲಿ ಕಾಣದ ಚಿಕ್ಕಪ್ಪ

"ಸಾರ್, ಮಂಗಲೇಶ ಪಟ್ಟಕ್ಕೇ ಬಂದಿರಲಿಲ್ಲ. ಇಮ್ಮಡಿ ಪುಲಕೇಶಿಯ ತಾಮ್ರಪಟದಲ್ಲಿ ಅವನ ಹೆಸರೇ ಇಲ್ಲ ನೋಡಿ!"

ಶಾಸನ ಓದುವುದೇ ಕಸುಬಾದ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಈಚೆಗೆ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಡ್ರಾಯಿಂಗ್ ಶೀಟಿನ ಮೇಲೆ ಬಾದಾಮಿ ಚಾಲುಕ್ಯರ ವಂಶವೃಕ್ಷ ಬರೆದು ತಂದಿದ್ದರು. ಕೀರ್ತಿವರ್ಮನಿಂದ ಇಮ್ಮಡಿ ಪುಲಕೇಶಿಗೆ ಸ್ಕೇಲಿಟ್ಟು ಎಳೆದ ನೇರ ಗೆರೆ. ನಡುವೆ ಆಳಿದ ಚಿಕ್ಕಪ್ಪ, ಕೀರ್ತಿವರ್ಮನ ತಮ್ಮ ಮಂಗಲೇಶ, ನಾಪತ್ತೆ.

ಮೇಷ್ಟ್ರೇ, ತಾಮ್ರಪಟ ಅಂದರೆ ಭೂದಾನದ ಪತ್ರ. ಕೊಡುವವನ ಅಪ್ಪ ಯಾರು, ಅಜ್ಜ ಯಾರು ಅಂತ ಹೇಳುವುದು ಅದರ ಪೀಠಿಕೆ. ಸಿಂಹಾಸನದ ಮೇಲೆ ಯಾರು ಯಾರು ಕೂತರು ಅನ್ನುವ ಪಟ್ಟಿ ಅದಲ್ಲ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದವರಿಗೆ ಇದು ಗೊತ್ತು: ಅದರಲ್ಲಿ ಚಿಕ್ಕಪ್ಪನ ಹೆಸರಿಲ್ಲ ಅಂದಮಾತ್ರಕ್ಕೆ ಅವನು ಆ ಹೊಲ ಉತ್ತೇ ಇಲ್ಲ ಅಂತಲ್ಲ. ಹಾಗಂತ ಪುಲಕೇಶಿ ಬೇಕಂತಲೇ ಹೆಸರು ಅಳಿಸಿದ ಎಂದು ಕೂಗುವುದೂ ತಪ್ಪೇ. ದಾಯಾದಿ ದ್ವೇಷವೂ ಇದ್ದೀತು, ಬರೀ ರೂಢಿಯೂ ಇದ್ದೀತು. ತಾಮ್ರಪಟ ಒಂದನ್ನೇ ಹಿಡಿದು ಇದನ್ನು ತೀರ್ಮಾನಿಸಲಾಗದು.

ಯಾಕೆಂದರೆ ಅದೇ ಪುಲಕೇಶಿಯ ಕಾಲದಲ್ಲಿ, ಕ್ರಿ.ಶ. 634ರಲ್ಲಿ, ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಎಲ್ಲವನ್ನೂ ಹೇಳಿಬಿಟ್ಟಿದ್ದಾನೆ. ಚಿಕ್ಕಪ್ಪನಿಗೆ ಹೊಟ್ಟೆಕಿಚ್ಚು, ಪುಲಕೇಶಿ ದೇಶ ಬಿಟ್ಟು ಅಲೆಯಲು ಹೊರಟ, ತನ್ನ ಮಗನಿಗೆ ರಾಜ್ಯ ಕಟ್ಟಲು ಹೋದ ಮಂಗಲೇಶ ಆ ಪ್ರಯತ್ನವನ್ನೂ ರಾಜ್ಯವನ್ನೂ ಜೀವವನ್ನೂ ಒಟ್ಟಿಗೇ ಕಳೆದುಕೊಂಡ. ರಾಜನನ್ನು ಹೊಗಳುವ ಪ್ರಶಸ್ತಿ ಕಾವ್ಯಕ್ಕೆ ಸೋತವನೂ ಬೇಕು. ಅವನಿಲ್ಲದೆ ಗೆದ್ದವನನ್ನು ಹೊಗಳುವುದು ಹೇಗೆ?

ಇನ್ನು ನಮ್ಮವರು ಕಣ್ಣುಮುಚ್ಚಿ ಹೇಳುವ 'ಅಪ್ಪ ತೀರಿಕೊಂಡಾಗ ಪುಲಕೇಶಿ ಬಾಲಕ' ಎಂಬ ಮಾತು. ಐಹೊಳೆಯಲ್ಲಿ ಅದಿಲ್ಲ. ಅದು ಸಿಗುವುದು ಸುಮಾರು 1009ರ ಕೌಥೆಂ ತಾಮ್ರಪಟದಲ್ಲಿ. ಕಲ್ಯಾಣದ ಚಾಲುಕ್ಯರು ಬರೆಸಿದ್ದು, ಜಗಳ ಮುಗಿದು ನಾನೂರು ವರ್ಷವಾದ ಮೇಲೆ. ಅಣ್ಣನ ಮಗ ಚಿಕ್ಕವನೆಂದು ಮಂಗಲೇಶ ಭೂಭಾರ ಹೊತ್ತ, ಅವನು ಪ್ರಾಯಕ್ಕೆ ಬಂದಾಗ ಮರಳಿ ಒಪ್ಪಿಸಿದ, ಚಾಲುಕ್ಯ ವಂಶದವನು ದಾರಿ ತಪ್ಪುವುದುಂಟೇ ಎಂಬ ಧಾಟಿ. ಹೆಣ ಬಿದ್ದ ಸುದ್ದಿಯೇ ಇಲ್ಲ! ಬಾಲಕನೇ ಆಗಿದ್ದರೂ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಹೇಳುವಾಗ ಯಾವ ಶಾಸನದ ಮಾತು ಅಂತ ಹೇಳಿ, ಅಷ್ಟೇ. ಎರಡು ಶಾಸನಗಳ ಮಾತನ್ನು ಹೊಲಿದು ಮೂರನೆಯದೊಂದು ಕಥೆ ಮಾಡಬೇಡಿ.

ಮಂಗಲೇಶನ ಮೇಲೆ ನನಗೆ ಸ್ವಲ್ಪ ಮಮತೆ ಇರುವುದನ್ನು ಒಪ್ಪಿಕೊಳ್ಳುತ್ತೇನೆ. ಬಾದಾಮಿಯ ಮೂರನೇ ಗುಹೆಗೆ ಹೋದವರು ವರಾಹ, ತ್ರಿವಿಕ್ರಮರ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅಲ್ಲೇ 578ರ ಸಂಸ್ಕೃತ ಶಾಸನವಿದೆ. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಈ ವಿಷ್ಣುಗೃಹ ಮಾಡಿಸಿದ ಮಂಗಲೇಶ ಅದರ ಪುಣ್ಯವನ್ನು ಅಣ್ಣನಿಗೆ ಧಾರೆಯೆರೆದು, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎನ್ನುತ್ತಾನೆ. ಹತ್ತಿರದಲ್ಲೇ ಪುಟ್ಟದೊಂದು ಕನ್ನಡ ಶಾಸನವೂ ಇದೆ: ಮಂಗಲೀಸನು 'ಕಲ್ಮನೆ'ಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟನೆಂದು. ಕಲ್ಲು ಕಡಿದು ಮಾಡಿದ ಗುಹೆಗೆ ಎಂಥ ಮನೆಮಾತು ನೋಡಿ. ಇಷ್ಟು ಬರೆಸಿದವನೇ ಮೂವತ್ತು ವರ್ಷದ ಮೇಲೆ ಅಣ್ಣನ ಮಗನ ಎದುರು ಕತ್ತಿ ಹಿಡಿದು ಸತ್ತ. ಎರಡೂ ಅವನೇ. ಒಳ್ಳೆಯವನೋ ಕೆಟ್ಟವನೋ ಅಂತ ನನ್ನನ್ನು ಕೇಳಬೇಡಿ.

ಮೇಷ್ಟ್ರು ರಬ್ಬರ್ ಕೇಳಿ ಪಡೆದು ಗೆರೆ ಒರಸಿದರು. ಕೀರ್ತಿವರ್ಮನ ಪಕ್ಕ ಮಂಗಲೇಶ ಬಂದ. ಅವನ ಕೆಳಗೊಂದು ಚೌಕ ಬರೆದು, "ಸಾರ್, ಇವನ ಮಗನ ಹೆಸರು?" ಅಂದರು.

ಐಹೊಳೆಯಲ್ಲಿ 'ತನಯ' ಅಂತಷ್ಟೇ ಇದೆ. ಚೌಕ ಖಾಲಿ ಬಿಡಿ ಅಂದೆ. ಅವರಿಗೆ ಮನಸ್ಸು ಬರಲಿಲ್ಲ; ಪೆನ್ಸಿಲ್ಲಿನಲ್ಲಿ 'ಮಗ' ಅಂತ ಬರೆದುಕೊಂಡು ಹೋದರು.