ಹಳೆಯ ಹಾಟ್ ರಾಡ್‌ಗೆ ಸೂಪರ್‌ಚಾರ್ಜರ್: ಮೀಟರ್‌ನ ಮುಳ್ಳು ಏರಿದಷ್ಟೂ ಶಕ್ತಿ ಏರುತ್ತದೆಯೇ?

ಪ್ರಶ್ನೆ: ನನ್ನ ಹಾಟ್ ರಾಡ್‌ನಲ್ಲಿ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು) ಹಳೆಯ ಫೋರ್ಡ್ ಫ್ಲಾಟ್‌ಹೆಡ್ ವಿ8 ಎಂಜಿನ್ ಇದೆ. ಅದಕ್ಕೆ ಸೂಪರ್‌ಚಾರ್ಜರ್ ಕೂರಿಸಬಹುದೇ? ಎಷ್ಟು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೂಸ್ಟ್, ಅಂದರೆ ಹೆಚ್ಚುವರಿ ಗಾಳಿಯೊತ್ತಡ, ಕೊಟ್ಟರೆ ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ?

ಉತ್ತರ: ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಈ ಪಂಪನ್ನು ಕೂರಿಸಬಹುದು, ಬ್ಲಾಕ್‌ನಲ್ಲಿ (ಎಂಜಿನ್‌ನ ಮುಖ್ಯ ಎರಕದಲ್ಲಿ) ಬಿರುಕು ಇಲ್ಲದಿದ್ದರೆ. ಅದನ್ನು ಮೊದಲು ಪರೀಕ್ಷಿಸಿ. ವಾಲ್ವ್ ಕೂರುವ ಜಾಗಕ್ಕೂ ಸಿಲಿಂಡರ್‌ಗೂ ನಡುವೆ ಬಿರುಕು ಬಿಡುವುದು ಈ ಎಂಜಿನ್‌ನ ಹಳೆಯ ಕಾಯಿಲೆ.

ಎರಡನೆಯ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ತಪ್ಪಿದೆ. ಆರು ಪಿಎಸ್‌ಐಗೆ ಇಷ್ಟು, ಎಂಟಕ್ಕೆ ಅಷ್ಟು ಎಂದು ಕೋಷ್ಟಕ ಕೇಳುವವರಿಗೆಲ್ಲ ನನ್ನದು ಒಂದೇ ಮಾತು: ಬೂಸ್ಟ್ ಮೀಟರ್ ಶಕ್ತಿಯನ್ನು ಅಳೆಯುವುದಿಲ್ಲ. ಎಂಜಿನ್ ಒಳಗೆ ಹೋಗಲಾಗದೆ ಬಾಗಿಲಲ್ಲೇ ನಿಂತ ಗಾಳಿಯ ಒತ್ತಡವನ್ನು ಅದು ತೋರಿಸುತ್ತದೆ.

ಹಾಟ್ ರಾಡ್‌ಗಳ ಮೇಲೆ ಕಾಣುವ ರೂಟ್ಸ್ ಮಾದರಿಯ ಬ್ಲೋವರ್ (ಸೂಪರ್‌ಚಾರ್ಜರ್‌ನ ಒಂದು ಬಗೆ) ತನ್ನೊಳಗೆ ಗಾಳಿಯನ್ನು ಒತ್ತುವುದೇ ಇಲ್ಲ. ಎರಡು ರೋಟರ್‌ಗಳು ಪ್ರತಿ ಸುತ್ತಿಗೂ ನಿಗದಿತ ಪ್ರಮಾಣದ ಗಾಳಿಯನ್ನು ಈಚೆಯಿಂದ ಆಚೆಗೆ ಸಾಗಿಸುತ್ತವೆ, ಅಷ್ಟೇ. ಎಂಜಿನ್ ಅಷ್ಟನ್ನೂ ನುಂಗಲಾರದೆ ಹೋದಾಗ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಹುಟ್ಟುತ್ತದೆ. ಕಿರಿದಾದ ಬಾಗಿಲ ಹೊರಗಿನ ನೂಕುನುಗ್ಗಲನ್ನು ನೋಡಿ ಒಳಗೆ ಎಷ್ಟು ಜನ ಹೋದರೆಂದು ಹೇಳಲಾಗುತ್ತದೆಯೇ?

ಫ್ಲಾಟ್‌ಹೆಡ್‌ನಲ್ಲಿ ಆ ಬಾಗಿಲು ನಿಜಕ್ಕೂ ಕಿರಿದು. ವಾಲ್ವ್‌ಗಳಿರುವುದು ಸಿಲಿಂಡರ್ ಪಕ್ಕದಲ್ಲಿ, ಬ್ಲಾಕ್‌ನೊಳಗೆ. ಮಿಶ್ರಣ ಮೇಲೇರಿ, ಅಡ್ಡ ತಿರುಗಿ, ಮತ್ತೆ ಕೆಳಗಿಳಿಯಬೇಕು. ಆ ದಾರಿಯನ್ನು ಅಗಲಿಸಿ, ದೊಡ್ಡ ವಾಲ್ವ್ ಹಾಕಿ, ಅದನ್ನು ತೆರೆಯಲು ಒಪ್ಪುವ ಕ್ಯಾಮ್‌ಶಾಫ್ಟ್ ಕೂರಿಸಿ ನೋಡಿ. ಅದೇ ಬ್ಲೋವರ್, ಅದನ್ನು ತಿರುಗಿಸುವ ಬೆಲ್ಟ್‌ನ ಅದೇ ಪುಲ್ಲಿ. ಮೀಟರ್‌ನ ಮುಳ್ಳು ಇಳಿಯುತ್ತದೆ, ಶಕ್ತಿ ಏರುತ್ತದೆ. ಬ್ಲೋವರ್ ಕೆಟ್ಟಿದೆ ಎಂದು ಹೆದರಿ ಸಣ್ಣ ಪುಲ್ಲಿ ಹಾಕಿ, ಬ್ಲೋವರ್ ವೇಗ ಹೆಚ್ಚಿಸಿ, ಮುಳ್ಳನ್ನು ಮತ್ತೆ ಮೇಲೇರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನೂ ನಂಬಿಕೆ ಬಾರದಿದ್ದರೆ ಲೆಕ್ಕ ಮಾಡೋಣ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ. ಅದಕ್ಕೆ 6 ಸೇರಿಸಿದರೆ ಒತ್ತಡ ಶೇ 41ರಷ್ಟು ಹೆಚ್ಚಾಯಿತು. ಶಕ್ತಿಯೂ ಶೇ 41 ಏರಬೇಕೆಂದು ಇಲ್ಲಿಗೇ ಲೆಕ್ಕ ನಿಲ್ಲಿಸುವವರು ಬಹಳ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬ್ಲೋವರ್‌ನ ದಕ್ಷತೆ ಶೇ 55 ಎಂದಿಟ್ಟುಕೊಂಡರೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಹೋದ ಗಾಳಿ ಸುಮಾರು 86 ಡಿಗ್ರಿಯಾಗಿ ಹೊರಬರುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಅದರ ಸಾಂದ್ರತೆ ಹೆಚ್ಚುವುದು ಶೇ 19ರಷ್ಟು ಮಾತ್ರ. ಕಾರ್ಬುರೇಟರ್ ಬ್ಲೋವರ್‌ನ ಮೇಲಿದ್ದರೆ ಪೆಟ್ರೋಲ್ ಆವಿಯಾಗುತ್ತ ಗಾಳಿಯನ್ನು ತಂಪು ಮಾಡಿ ಒಂದಷ್ಟನ್ನು ಮರಳಿಸುತ್ತದೆ. ಬ್ಲೋವರ್ ತಿರುಗಿಸಲು ಬೆಲ್ಟ್ ಎಳೆಯುವ ಶಕ್ತಿಯನ್ನೂ ಇದರಲ್ಲಿ ಕಳೆಯಬೇಕು. ಮುಳ್ಳನ್ನು ಇನ್ನೂ ಮೇಲೇರಿಸಿದರೆ ಶಾಖವೂ ಬೆಲ್ಟ್‌ನ ಎಳೆತವೂ ಜೊತೆಯಲ್ಲೇ ಏರುತ್ತವೆ.

ಎಂಜಿನ್ ಒಡೆಯುವುದಕ್ಕೂ ಮುಖ್ಯ ಕಾರಣ ಈ ಶಾಖವೇ. ಕಾದ ಮಿಶ್ರಣದ ಕೊನೆಯ ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದರೆ ಪಿಸ್ಟನ್ ಮೇಲೆ ಸುತ್ತಿಗೆಯೇಟು ಬಿದ್ದಂತೆ. ಪಿಸ್ಟನ್‌ನಲ್ಲಿ ರಿಂಗ್‌ಗಳ ನಡುವಿನ ಭಾಗ ಮುರಿಯುತ್ತದೆ. ಆದ್ದರಿಂದ ಬೂಸ್ಟ್ ಇರುವಾಗ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಸರಿಯಬೇಕು, ಮಿಶ್ರಣದಲ್ಲಿ ಪೆಟ್ರೋಲ್ ತುಸು ಹೆಚ್ಚಿರಬೇಕು.

ಈಗ ಒಳ್ಳೆಯ ಸುದ್ದಿ. ಹಳೆಯ ಎಂಜಿನ್‌ಗಳ ಕಂಪ್ರೆಷನ್ (ಸಿಲಿಂಡರ್ ಒಳಗೆ ಮಿಶ್ರಣವನ್ನು ಒತ್ತುವ ಅನುಪಾತ) ಕಡಿಮೆ: 1932ರ ಮೊದಲ ಫೋರ್ಡ್ ವಿ8ನಲ್ಲಿ 5.5:1, ಶಕ್ತಿ 65 ಅಶ್ವಶಕ್ತಿ. ದೌರ್ಬಲ್ಯವೆನಿಸಿದ್ದ ಈ ಗುಣವೇ ಮಿತವಾದ ಬೂಸ್ಟ್‌ಗೆ ಅನುಕೂಲ. ಹೆಡ್ ಅರೆಸಿ ಕಂಪ್ರೆಷನ್ ಹೆಚ್ಚಿಸಿ, ಮೇಲೆ ಬ್ಲೋವರ್ ಕೂರಿಸುವುದು ಒಂದು ಕೈಯಲ್ಲಿ ಕಟ್ಟಿ ಇನ್ನೊಂದರಲ್ಲಿ ಕೆಡವಿದಂತೆ. ಕಡಿಮೆ ಆರ್‌ಪಿಎಂನಲ್ಲೇ ಸಿಗುವ ದೃಢವಾದ ಎಳೆತ ಸೂಪರ್‌ಚಾರ್ಜರ್‌ನ ನಿಜವಾದ ಲಾಭ. ರಸ್ತೆಯಲ್ಲಿ ಓಡಿಸುವವರಿಗೆ ಬೇಕಾದದ್ದೂ ಅದೇ.

ನಷ್ಟದ ಕಡೆ ಫ್ಲಾಟ್‌ಹೆಡ್‌ಗೆ ತನ್ನದೇ ತೊಂದರೆಗಳಿವೆ. ಸುಟ್ಟ ಅನಿಲ ಬ್ಲಾಕ್‌ನ ನಡುವೆಯೇ ಹಾದು ತಂಪುಗೊಳಿಸುವ ನೀರಿಗೆ ಶಾಖ ಸುರಿಯುತ್ತದೆ, ಪ್ರತಿ ಬದಿಯ ನಡುವಿನ ಎರಡು ಸಿಲಿಂಡರ್‌ಗಳಿಗೆ ಹೊರದಾರಿ ಒಂದೇ, ಕ್ರ್ಯಾಂಕ್ ಹೊರಲು ಮೂರೇ ಮುಖ್ಯ ಬೇರಿಂಗ್. ರೇಡಿಯೇಟರ್ ಮೊದಲು, ಬ್ಲೋವರ್ ಆಮೇಲೆ. ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ಬಿಡುವ ಸುರಕ್ಷತಾ ವಾಲ್ವ್ ಇಲ್ಲದೆ ಎಂಜಿನ್ ಚಾಲೂ ಮಾಡಲೇಬೇಡಿ. ಮಿಶ್ರಣ ತುಂಬಿದ ಮ್ಯಾನಿಫೋಲ್ಡ್‌ನಲ್ಲಿ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಂದಕ್ಕೆ ಹಾರಿ ಸಿಡಿದರೆ, ಬ್ಲೋವರ್ ಕಿತ್ತುಬರಬಹುದು.

ಯಾರೂ ಕೇಳದಿದ್ದರೂ ಹಾಟ್ ರಾಡ್ ಬ್ಲೋವರ್‌ಗಳಿಗಿರುವ 6-71 ಎಂಬ ಹೆಸರಿನ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಬ್ಲೋವರ್ ಆಯ್ಕೆ ಇಲ್ಲೇ ತಪ್ಪುತ್ತದೆ. ಅದು ಬ್ಲೋವರ್‌ನ ಅಳತೆಯಲ್ಲ. 1938ರಲ್ಲಿ ಜನರಲ್ ಮೋಟಾರ್ಸ್ ತಂದ ಎರಡು ಸ್ಟ್ರೋಕ್ ಡೀಸೆಲ್ ಎಂಜಿನ್ ಸರಣಿಯ ಗುರುತು ಅದು: ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು. ಅಲ್ಲಿ ಬ್ಲೋವರ್‌ನ ಕೆಲಸ ಸಿಲಿಂಡರ್‌ನಿಂದ ಹೊಗೆಯನ್ನು ಗುಡಿಸಿ ಹೊಸ ಗಾಳಿ ತುಂಬುವುದು. ಬಾರ್ನಿ ನವಾರೋ ಅವರಂತಹ ರೇಸ್ ಕುಶಲಿಗಳು ಈ ಸರಣಿಯ ಬ್ಲೋವರ್ ಅನ್ನು ಫ್ಲಾಟ್‌ಹೆಡ್ ಮೇಲೆ ತಂದಾಗ ಆರಿಸಿಕೊಂಡದ್ದು ಸಣ್ಣ 3-71, ಅಂದರೆ ಮೂರು ಸಿಲಿಂಡರ್ ಎಂಜಿನ್‌ನ ಬ್ಲೋವರ್. 6-71 ಪ್ರತಿ ಸುತ್ತಿಗೆ ಸುಮಾರು 411 ಘನ ಇಂಚು ಗಾಳಿ ಸಾಗಿಸುತ್ತದೆ. 239 ಘನ ಇಂಚಿನ ಫ್ಲಾಟ್‌ಹೆಡ್ ಒಂದು ಸುತ್ತಿಗೆ ನುಂಗುವುದು 120ರಷ್ಟು. ಹಾಗಾಗಿ ದೊಡ್ಡ ಬ್ಲೋವರ್ ಅನ್ನು ತೀರಾ ನಿಧಾನವಾಗಿ ತಿರುಗಿಸಬೇಕು, ಆಗ ರೋಟರ್‌ಗಳ ಸಂದಿನಿಂದ ಗಾಳಿ ಹಿಂದಕ್ಕೆ ಸೋರುತ್ತದೆ. ನಿಮ್ಮ ಎಂಜಿನ್‌ಗೆ 3-71 ಅಥವಾ 4-71 ಹುಡುಕಿ, ದೊಡ್ಡ ಪುಲ್ಲಿಯಿಂದ ಆರಂಭಿಸಿ.