ಸ್ಪ್ಲೀನೋಮೆಗಲಿ ಅಂದ್ರ ಏನು? ಗುಲ್ಮ ಯಾಕ ದೊಡ್ಡದಾಗತೈತಿ?

ಹೊಟ್ಟಿ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ್ ಕೂಡ್ಲೆ, ಡಾಕ್ಟರಿಗೆ ತೋರ್ಸೋಕಿಂತ ಮೊದ್ಲ ಎಲ್ರೂ ಮೊಬೈಲ್‌ನ್ಯಾಗ ಹುಡುಕೋ ಪದ ಇದು. ಕೊನೀಗೆ ಇಂಪ್ರೆಷನ್ ಅಂತ ಬರದು ಅದರ ಕೆಳಗ 'ಮೈಲ್ಡ್ ಸ್ಪ್ಲೀನೋಮೆಗಲಿ' ಅಂತ ಹಾಕಿರ್ತಾರ, ಹುಡುಕಿದ್ರ ಸೀದಾ ಬ್ಲಡ್ ಕ್ಯಾನ್ಸರ್ ಅಂತ ತೋರಸತೈತಿ, ಅಲ್ಲಿಗೆ ಮನಿ ಮಂದಿ ನಿದ್ದಿ ಹೋತು. ಆದ್ರ ಇದು ರೋಗದ ಹೆಸರೇ ಅಲ್ರೀ. ಗುಲ್ಮ, ಪ್ಲೀಹ ಅಂತಾರಲ್ಲ, ಆ ಅಂಗ ಇರಬೇಕಾದ್ದಕ್ಕಿಂತ ದೊಡ್ಡದಾಗೈತಿ ಅಂತ ಅಷ್ಟ. ಯಾಕ ದೊಡ್ಡದಾತು ಅನ್ನೋದನ್ನ ಬ್ಯಾರೆ ಕಡೆ ಹುಡುಕಬೇಕು, ಔಷಧ ಕೊಡೋದೂ ಆ ಕಾರಣಕ್ಕ.

ಗುಲ್ಮ ಇರೋದು ಎಡಗಡೆ, 9ರಿಂದ 11ನೇ ಪಕ್ಕೆಲುಬಿನ ಮರಿಗೆ. ದೊಡ್ಡೋರಲ್ಲಿ ಸುಮಾರು 150 ಗ್ರಾಂ ತೂಕ, ಉದ್ದ 12 ಸೆಂ.ಮೀ. ಆಸುಪಾಸು, ಎತ್ತರದ ಆಳಾದ್ರ 13 ಇದ್ರೂ ತಲಿ ಕೆಡಿಸ್ಕೊಳ್ಳೋದು ಬ್ಯಾಡ. ರಕ್ತ ಸೋಸೋದು ಇದರ ಕೆಲಸ. ಕೆಂಪು ರಕ್ತಕಣದ ಆಯುಷ್ಯ 120 ದಿನ, ವಯಸ್ಸಾದ ಕಣ ಹಿಡದು ಒಡೀತೈತಿ, ರೋಗಾಣು ಹಿಡಿಯಾಕೂ ಸಹಾಯ ಮಾಡತೈತಿ. ಇನ್ನೊಂದು, ರಕ್ತ ಹೆಪ್ಪುಗಟ್ಟಾಕ ಬೇಕಾದ ಸಣ್ಣ ಕಣಕ್ಕ ಪ್ಲೇಟ್‌ಲೆಟ್ ಅಂತಾರ, ಮೈಯಾಗಿನ ಪ್ಲೇಟ್‌ಲೆಟ್‌ನ್ಯಾಗ ಮೂರರಲ್ಲಿ ಒಂದು ಪಾಲು ಯಾವಾಗ್ಲೂ ಇದರೊಳಗ ಕುಂತಿರತೈತಿ. ಗುಲ್ಮ ಊದಿದ್ರ ಆ ಪಾಲು ಇನ್ನೂ ಜಾಸ್ತಿ ಆಗತೈತಿ, ರಿಪೋರ್ಟ್‌ನ್ಯಾಗ ಪ್ಲೇಟ್‌ಲೆಟ್ 80 ಸಾವಿರ ಅಂತ ಬರತೈತಿ. ಡೆಂಗಿ ಅಂತ ತಿಳಕೊಂಡು ಪಪ್ಪಾಯಿ ಎಲಿ ರಸ ಕುಡಿಸೋದು ಶುರು ಆಗತೈತಿ. ತಿಂಗಳುಗಟ್ಲೆ ಪ್ಲೇಟ್‌ಲೆಟ್ ಹಂಗ ಕಮ್ಮಿ ಇದ್ರ ಅದು ಡೆಂಗಿ ಅಲ್ಲ, ಹೊಟ್ಟಿ ಸ್ಕ್ಯಾನ್ ಮಾಡಿಸ್ರಿ.

ನಮ್ ಕಡೆ ಹಳೇ ಕಾಲದಾಗ ಗುಲ್ಮ ಅಂದ್ರ ಮೊದ್ಲ ನೆನಪಾಗ್ತಿದ್ದಿದ್ದು ಮಲೇರಿಯಾ. ಒಂದು ಊರಾಗ ಮಲೇರಿಯಾ ಎಷ್ಟೈತಿ ಅಂತ ಅಳಿಯಾಕ 2ರಿಂದ 10 ವರ್ಷದ ಮಕ್ಕಳ ಹೊಟ್ಟಿ ಒತ್ತಿ ನೋಡಿ, ನೂರಕ್ಕ ಎಷ್ಟು ಮಕ್ಕಳಿಗೆ ಗುಲ್ಮ ಕೈಗೆ ಸಿಗತೈತಿ ಅಂತ ಲೆಕ್ಕ ಹಾಕ್ತಿದ್ರು. ಈಗ ಮಲೇರಿಯಾ ಬಾಳ ಕಮ್ಮಿ ಆಗೈತಿ, ಪೂರ್ತಿ ಹೋಗಿಲ್ಲ. ವೈವಾಕ್ಸ್ ಅನ್ನೋ ಜಾತಿ ಮಲೇರಿಯಾ ಬಂದೋರಿಗೆ ಪ್ರಿಮಾಕ್ವಿನ್ ಗುಳಿಗಿ ಸಾಮಾನ್ಯವಾಗಿ 14 ದಿನ ಕೊಡ್ತಾರ (ಬಸುರಿ ಹೆಣ್ಮಕ್ಕಳಿಗೆ ಕೊಡೋದಿಲ್ಲ), ನಮ್ ಮಂದಿ ಮೂರನೇ ದಿನಕ್ಕ ಜ್ವರ ಇಳೀತು ಅಂತ ಬಿಟ್ಟುಬಿಡ್ತಾರ, ಲಿವರ್‌ನ್ಯಾಗ ಮಲಗಿದ್ದ ರೋಗಾಣು ಮತ್ತ ಎದ್ದು ಬರತೈತಿ, ಗುಲ್ಮನೂ ಮತ್ತ ಊದತೈತಿ. ಟೈಫಾಯ್ಡ್‌ನ್ಯಾಗೂ ಸ್ವಲ್ಪ ಊದತೈತಿ, ಜ್ವರ ವಾಸಿ ಆದಮ್ಯಾಲ ತಾನ ಇಳೀತೈತಿ.

ಈಗ ದೊಡ್ಡೋರಲ್ಲಿ ಹೆಚ್ಚಾಗಿ ಕಾಣೋದು ಲಿವರ್ ಕಾರಣ. ಗುಲ್ಮದ ರಕ್ತ ವಾಪಸ್ ಹೋಗೋದು ಲಿವರ್ ಮೂಲಕ. ಕುಡದು ಕುಡದು, ಇಲ್ಲಾ ಹೆಪಟೈಟಿಸ್ ಬಿ ಇಲ್ಲಾ ಸಿ ಬಂದು ಲಿವರ್ ಗಟ್ಟಿ ಆದ್ರ ರಕ್ತಕ್ಕ ದಾರಿ ಸಿಗೋದಿಲ್ಲ. ಎಡದಂಡಿ ಕಾಲುವಿ ಕೆಳಗಿನ ಗೇಟ್ ಹಾಕಿದ್ರ ನೀರು ಹಿಂದಕ್ಕ ಒತ್ತಿ ಮ್ಯಾಲಿನ ಗದ್ದಿಗೆ ನುಗ್ಗತೈತಲ್ಲ, ಅದ ಲೆಕ್ಕ: ಗುಲ್ಮ ಊದತೈತಿ, ಅನ್ನನಾಳದ ರಕ್ತನಾಳನೂ ಉಬ್ಬತಾವ. ಅವು ಒಡದ್ರ ರಕ್ತ ವಾಂತಿ, ಕರ್ರಗ ಅಂಟಂಟು ಸಂಡಾಸ. ಅದು ಎಮರ್ಜೆನ್ಸಿ, ಬೆಳಗಾಗ್ಲಿ ಅಂತ ಕಾಯಂಗಿಲ್ಲ, ರಾತ್ರೋರಾತ್ರಿ ಬಳ್ಳಾರಿಗೋ ರಾಯಚೂರಿಗೋ ಒಯ್ಯಬೇಕು. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ನಳಿಕಿ ಇಳಿಸೋದು) ಮಾಡಿ ಉಬ್ಬಿದ ರಕ್ತನಾಳಕ್ಕ ಬ್ಯಾಂಡ್ ಹಾಕ್ತಾರ. ಇಂಥೋರಲ್ಲಿ ಗುಲ್ಮ ತಗದ್ರ ಲಿವರ್ ಏನೂ ಸರಿ ಹೋಗೋದಿಲ್ಲ.

ಮಕ್ಕಳ ವಿಷಯ ಬ್ಯಾರೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸು ಬಿಳಚ್ಕೊಂಡು ಹೊಟ್ಟಿ ದೊಡ್ಡದಾಗ್ತಾ ಬಂದ್ರ ಥಲಸ್ಸೇಮಿಯಾ (ಅಪ್ಪ ಅವ್ವನಿಂದ ಬರೋ ರಕ್ತಹೀನತೆ ರೋಗ) ಐತೇನು ಅಂತ ನೋಡ್ಲೇಬೇಕು. ಅಪ್ಪಗೂ ಅವ್ವಗೂ ಇಬ್ರಿಗೂ ಆ ಜೀನ್ ಒಂದೊಂದು ಇದ್ರ ಪ್ರತಿ ಕೂಸಿಗೂ ನಾಕ್ರಾಗ ಒಂದು ಪಾಲು ಅಪಾಯ. ಸೋದರಮಾವಗ, ಅತ್ತಿ ಮಗಗ ಕೊಡೋ ಪದ್ಧತಿ ನಮ್ಮಲ್ಲಿ ಇನ್ನೂ ಜೋರು, ಒಂದ ಮನೆತನದೊಳಗ ಇಬ್ರಿಗೂ ಅದ ಜೀನ್ ಇರೋ ಸಾಧ್ಯತೆ ಹೆಚ್ಚು. ಎಚ್‌ಪಿಎಲ್‌ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದ್ರ ಗೊತ್ತಾಗತೈತಿ. ಜಾತಕ ನೋಡ್ಸೋರು ಇದನ್ನೂ ನೋಡಿಸಿದ್ರ ಏನು ಗಂಟು ಹೋಗತೈತಿ?

ಬ್ಲಡ್ ಕ್ಯಾನ್ಸರ್ ಇರೋದ ಇಲ್ಲೇನು ಅಂದ್ರ, ಇರಬಹುದು, ಆದ್ರ ಅದು ಬಾಕಿ ಗುರುತು ಬಿಟ್ಟು ಬರೋದು ಕಮ್ಮಿ. ಸಿಎಂಎಲ್ ಅನ್ನೋ ಒಂದು ಜಾತಿ ಬ್ಲಡ್ ಕ್ಯಾನ್ಸರ್‌ನ್ಯಾಗ ಗುಲ್ಮ ಹೊಕ್ಕಳ ದಾಟಿ ಬರಬಹುದು, ಅರ್ಧ ರೊಟ್ಟಿ ತಿನ್ನೋದ್ರಾಗ ಹೊಟ್ಟಿ ತುಂಬಿದಂಗ ಆಗತೈತಿ, ಬಿಳಿ ರಕ್ತಕಣ ಲಕ್ಷದ ಮ್ಯಾಲ ಹೋಗಿರಬಹುದು. ಬಿಸಿಆರ್-ಎಬಿಎಲ್ ಅನ್ನೋ ಜೀನ್ ಪರೀಕ್ಷೆಯಿಂದ ಖಾತ್ರಿ ಮಾಡ್ಕೊಂತಾರ. 2001ರಾಗ ಬಂದ ಇಮಾಟಿನಿಬ್ ಗುಳಿಗಿಯಿಂದ ಈ ರೋಗದ ಹಣೆಬರಾನ ಬದಲಾತು, ದಿನಾ ತಪ್ಪದ ತಗೊಂಡು ಹೊಲಕ್ಕ ಹೋಗಿ ದುಡಿಯೋರು ಇದ್ದಾರ.

ಒಳ್ಳೆ ಡಾಕ್ಟರ್ ಸ್ಕ್ಯಾನ್ ಬರಿಯೋಕಿಂತ ಮೊದ್ಲ ಕೈಯಿಂದ ನೋಡ್ತಾರ. ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಬಲಗಡೆ ಕಿಬ್ಬೊಟ್ಟಿಯಿಂದ ಶುರು ಮಾಡಿ ಓರೆಯಾಗಿ ಎಡ ಪಕ್ಕೆಲುಬಿನ ಕಡೆ ಬೆರಳು ಒಯ್ತಾರ, "ಉಸಿರು ಜೋರಾಗಿ ತಗೋ" ಅಂತಾರ, ಉಸಿರು ಎಳದಾಗ ಗುಲ್ಮದ ಅಂಚು ಕೆಳಗ ಇಳದು ಬೆರಳಿಗೆ ತಾಗತೈತಿ. ಬಲಗಡೆಯಿಂದ ಯಾಕಂದ್ರ ಗುಲ್ಮ ಬೆಳಿಯೋದು ಆ ದಿಕ್ಕಿಗೆ, ಮ್ಯಾಲಿಂದ ಶುರು ಮಾಡಿದ್ರ ಬಾಳ ದೊಡ್ಡ ಗುಲ್ಮದ ಅಂಚು ತಪ್ಪಿಹೋಗತೈತಿ. ಕೈಗೆ ಸಿಗಬೇಕಾದ್ರ ಎರಡ್ಮೂರು ಪಟ್ಟು ಊದಿರಬೇಕು, ಅದಕ್ಕ ಸ್ಕ್ಯಾನ್ ಬೇಕಾಗತೈತಿ. ಜೊತಿಗೆ ಸಿಬಿಸಿ (ರಕ್ತಕಣದ ಲೆಕ್ಕ), ರಕ್ತ ಲೇಪನ (ರಕ್ತದ ಹನಿ ಗಾಜಿನ ಮ್ಯಾಲ ಸವರಿ ನೋಡೋದು), ಲಿವರ್ ಪರೀಕ್ಷೆ, ಬೇಕಾದ್ರ ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್), ಮೂಳೆ ಮಜ್ಜೆ ಪರೀಕ್ಷೆ.

ವಯಸ್ಸಾದೋರ ಅಂಗಿ ಎತ್ತಿದ್ರ ಕೆಲವೊಬ್ರಿಗೆ ಎಡ ಹೊಟ್ಟಿ ಮ್ಯಾಲ ಸಾಲಾಗಿ ಸುಟ್ಟ ಕಲಿ ಕಾಣತಾವ. ಹೊಟ್ಯಾಗ ಗಡ್ಡಿ ಆಗೈತಿ ಅಂತ ಸಣ್ಣೋರಿದ್ದಾಗ ಕಾಯಿಸಿದ ಕಬ್ಬಿಣದಿಂದ ಬರಿ ಹಾಕ್ಸಿದ್ದು. ಮಲೇರಿಯಾದ ಗುಲ್ಮ ತಾನ ಇಳೀತು, ಹೆಸರು ಬರಿಗೆ ಬಂತು! ಈಗ್ಲೂ ಕೂಸುಗಳಿಗೆ ಹಾಕ್ಸೋರು ಇದ್ದಾರ ಅನ್ನೋದ ಸಿಟ್ಟು ಬರೋ ವಿಷಯ.

ಆಪರೇಷನ್ ಎಲ್ರಿಗೂ ಬೇಕಾಗಂಗಿಲ್ಲ. ಬೈಕ್, ಟ್ರ್ಯಾಕ್ಟರ್ ಆಕ್ಸಿಡೆಂಟ್‌ನ್ಯಾಗ ಗುಲ್ಮ ಸೀಳಿದ್ರೂ ಬಿಪಿ ಸರಿ ಇದ್ರ ಸಿಟಿ ಸ್ಕ್ಯಾನ್ ಮಾಡಿ ಕಾದು ನೋಡ್ತಾರ, ರಕ್ತ ನಿಲ್ಲದಿದ್ರ ತೆಗೀತಾರ. ಔಷಧಕ್ಕ ಬಗ್ಗದ ಐಟಿಪಿ (ಮೈಯ ರಕ್ಷಣಾ ಶಕ್ತಿನ ಪ್ಲೇಟ್‌ಲೆಟ್ ಹಾಳು ಮಾಡೋ ರೋಗ), ಕೆಲವು ಹುಟ್ಟು ರಕ್ತಹೀನತೆಗೂ ತೆಗೀತಾರ. ಗುಲ್ಮ ಇಲ್ದನೂ ಬದುಕಬಹುದು, ಆದ್ರ ನ್ಯುಮೋಕೋಕಸ್ ಅಂಥ ಕೆಲವು ಬ್ಯಾಕ್ಟೀರಿಯಾ ತಡೆಯೋ ಶಕ್ತಿ ಕಮ್ಮಿ ಆಗತೈತಿ. ಪ್ಲಾನ್ ಮಾಡಿ ತೆಗಿಯೋದಾದ್ರ ಎರಡು ವಾರ ಮೊದ್ಲ ಲಸಿಕಿ ಹಾಕಬೇಕು, ಅವಸರಕ್ಕ ತಗದಿದ್ರ ಎರಡು ವಾರ ಆದಮ್ಯಾಲ. ಇದನ್ನ ಕೇಳಿ ಹಾಕಿಸ್ಕೊಳ್ರಿ, ಡಿಸ್ಚಾರ್ಜ್ ಗದ್ದಲದಾಗ ಮರತು ಹೋಗತೈತಿ. ಅಂಥೋರಿಗೆ ಚಳಿಜ್ವರ ಬಂದ್ರ ಮೆಡಿಕಲ್ ಶಾಪ್ ಗುಳಿಗಿ ನುಂಗಿ ಮಲಗೋದು ಬ್ಯಾಡ, ತಾಸಿನ ಲೆಕ್ಕದಾಗ ಕೈ ಮೀರಬಹುದು. ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗೋರು ಗುಲ್ಮ ತಗದೈತಿ ಅಂತ ಬರದ ಚೀಟಿ ಆಧಾರ್ ಕಾರ್ಡ್ ಜೊತಿಗೆ ಇಟ್ಕೊಂಡಿರ್ರಿ, ಅಲ್ಲಿನ ಡಾಕ್ಟರಿಗೆ ಮೊದ್ಲ ತೋರಸಬೇಕಾದ್ದು ಅದ.