ಜೇಬಿಗೊಂದು ಪುಟ್ಟ ಟಾರ್ಚ್: ಎಷ್ಟು ಲುಮೆನ್ ಇದ್ದರೆ ಸಾಕು?

ಪ್ರಶ್ನೆ: ದಿನಾ ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಚಿಕ್ಕ, ಒಳ್ಳೆಯ ಟಾರ್ಚ್ ಬೇಕು. ಒಂದರ ಮೇಲೆ 300 ಲುಮೆನ್ ಅಂತ ಬರೆದಿದೆ, ಇನ್ನೊಂದರ ಮೇಲೆ 1000, ಮತ್ತೊಂದರ ಮೇಲೆ 3000. ಜಾಸ್ತಿ ಇರುವುದನ್ನೇ ತೆಗೆದುಕೊಂಡರೆ ಒಳ್ಳೆಯದಲ್ವಾ?

ಉತ್ತರ: ಹಾಗೇನಿಲ್ಲ. ಲುಮೆನ್ ಅಂದರೆ ಟಾರ್ಚ್ ಹೊರಗೆ ಬಿಡುವ ಒಟ್ಟು ಬೆಳಕಿನ ಅಳತೆ, ಅಷ್ಟೇ. ಟಾರ್ಚ್ ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಅತಿ ಕಡಿಮೆ ಬೆಳಕನ್ನು.

ಜೇಬಿನ ಟಾರ್ಚ್ ಯಾವಾಗ ಹೊರಗೆ ಬರುತ್ತದೆ ಯೋಚಿಸಿ. ಕತ್ತಲಲ್ಲಿ ಬೀಗದ ತೂತು ಹುಡುಕುವಾಗ, ಮಂಚದ ಕೆಳಗೆ ಉರುಳಿದ ಗುಂಡಿಗಾಗಿ, ಕಪಾಟಿನ ಹಿಂದಿನ ಮೂಲೆ ನೋಡುವಾಗ, ಮಗುವಿನ ಬೆರಳಿಗೆ ಚುಚ್ಚಿದ ಮುಳ್ಳು ತೆಗೆಯುವಾಗ. ಎಲ್ಲವೂ ಒಂದು ತೋಳಿನಷ್ಟು ದೂರದ ಕೆಲಸ. ಅದಕ್ಕೆ 20ರಿಂದ 50 ಲುಮೆನ್ ಧಾರಾಳ ಸಾಕು. ಅಷ್ಟು ಹತ್ತಿರದಲ್ಲಿ 1000 ಲುಮೆನ್ ಬಿಟ್ಟರೆ ಬೆಳಕು ಗೋಡೆಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ನೋಡಬೇಕಾದ್ದು ಮಾತ್ರ ಕಾಣುವುದಿಲ್ಲ.

ನಡುರಾತ್ರಿ ಎದ್ದರಂತೂ ಇನ್ನೂ ಕಡಿಮೆ ಬೇಕು. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20-30 ನಿಮಿಷ ತೆಗೆದುಕೊಳ್ಳುತ್ತದೆ. ಒಮ್ಮೆ ಜೋರು ಬೆಳಕು ಬಿದ್ದರೆ ಅಷ್ಟೂ ಹಾಳು. ಹೊಂದಿಕೊಂಡ ಕಣ್ಣಿಗೆ 1 ಲುಮೆನ್, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಬೆಳಕಲ್ಲೂ ದಾರಿ ಸರಿಯಾಗಿ ಕಾಣುತ್ತದೆ. ಒಳ್ಳೆಯ ಟಾರ್ಚುಗಳಲ್ಲಿ ಇದಕ್ಕೆಂದೇ 'ಮೂನ್‌ಲೈಟ್' ಅನ್ನುವ ಮೋಡ್ ಇರುತ್ತದೆ. ಅದಕ್ಕೆ ನೇರವಾಗಿ ಹೋಗಲು ಬರಬೇಕು. ಮೊದಲು ಜೋರಾಗಿ ಹತ್ತಿ, ಆಮೇಲೆ ನಾಲ್ಕು ಸಲ ಒತ್ತಿದರೆ ಕಡಿಮೆಯಾಗುವ ಟಾರ್ಚ್ ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಮೋಡುಗಳ ಸಾಲಿನಲ್ಲೇ ಪಟಪಟ ಮಿಂಚುವ ಸ್ಟ್ರೋಬ್ ಸೇರಿಸಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಈಗ ಆ ದೊಡ್ಡ ಸಂಖ್ಯೆಯ ವಿಷಯ. 2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡದ ಪ್ರಕಾರ, ಲುಮೆನ್ ಅಳೆಯುವುದು ಟಾರ್ಚ್ ಹಚ್ಚಿದ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕ ಮಾತ್ರ ಬೆಳಕು ಶುರುವಿನ ಶೇಕಡಾ 10ಕ್ಕೆ ಇಳಿಯುವವರೆಗೂ ಓಡುತ್ತದೆ. ಹಾಗಾಗಿ ಡಬ್ಬಿಯ ಮೇಲೆ '1000 ಲುಮೆನ್, 2 ಗಂಟೆ' ಅಂತಿದ್ದರೆ ಎರಡು ಗಂಟೆಯೂ ಸಾವಿರ ಲುಮೆನ್ ಸಿಗುತ್ತದೆ ಅಂದುಕೊಳ್ಳಬೇಡಿ. ಬೆರಳು ಗಾತ್ರದ ಲೋಹದ ಕೊಳವೆ ಅಷ್ಟು ಬಿಸಿ ತಡೆಯಲಾರದು. ಒಂದೆರಡು ನಿಮಿಷದಲ್ಲಿ ಅದು ತಾನಾಗಿ ಬೆಳಕು ಇಳಿಸಿಕೊಳ್ಳುತ್ತದೆ. ಇಳಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ಕಂಪನಿ ಕೊಡುವ ಬೆಳಕು-ಸಮಯದ ಗ್ರಾಫ್ ಸಿಕ್ಕರೆ ಅದನ್ನು ನೋಡಿ. ಇಳಿದ ಮೇಲೆ ಎಷ್ಟರಲ್ಲಿ ನಿಲ್ಲುತ್ತದೋ ಅದೇ ಆ ಟಾರ್ಚಿನ ನಿಜವಾದ ಬೆಳಕು.

ಇನ್ನೊಂದು ಮಾತು. ಬೆಳಕು ಎರಡರಷ್ಟಾಯಿತು ಅಂತ ಕಣ್ಣಿಗೆ ಅನಿಸಬೇಕಾದರೆ ಲುಮೆನ್ ಸುಮಾರು ನಾಲ್ಕರಷ್ಟಾಗಬೇಕು. ಅಂದರೆ 300 ಮತ್ತು 1000ದ ನಡುವೆ ನಿಮಗೆ ಕಾಣುವ ವ್ಯತ್ಯಾಸ ಎರಡು ಪಟ್ಟೂ ಇಲ್ಲ.

ದೂರ ಎಷ್ಟು ಬೀಳುತ್ತದೆ ಅನ್ನುವುದು ಬೇರೆ ಲೆಕ್ಕ, ಅದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಒಂದೇ ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆ. 2500 ಕ್ಯಾಂಡೆಲಾ ಇದ್ದರೆ 100 ಮೀಟರ್, 10,000 ಇದ್ದರೆ 200 ಮೀಟರ್. ಆ ತುದಿಯಲ್ಲಿ ಉಳಿಯುವುದು 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಹೆಚ್ಚುಕಡಿಮೆ ಹುಣ್ಣಿಮೆ ಬೆಳಕಿನಷ್ಟು. ಏನನ್ನಾದರೂ ಗುರುತು ಹಿಡಿಯಬೇಕಾದರೆ ಅದರ ಅರ್ಧ ದೂರ ಅಂತ ಇಟ್ಟುಕೊಳ್ಳಿ. ಜೇಬಿನ ಟಾರ್ಚಿಗೆ ಇದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಬೆಳಕು ಹರಡಿಕೊಂಡು ಮೆತ್ತಗೆ ಬಿದ್ದರೆ ಸಾಕು.

ನಾನು ಪಟ್ಟು ಹಿಡಿಯುವುದು ಬಣ್ಣದ ವಿಷಯದಲ್ಲಿ. ಒಮ್ಮೆ ಹಳೆಯ ಟೇಬಲ್ ಲ್ಯಾಂಪ್ ಬಿಚ್ಚಿ ಕೂತಿದ್ದೆ. ಒಳಗೆ ಒಂದು ಕೆಂಪು ತಂತಿ, ಒಂದು ಕಂದು ತಂತಿ. ಕೈಯಲ್ಲಿದ್ದ ನೀಲಿ ಛಾಯೆಯ ಟಾರ್ಚಿನ ಬೆಳಕಲ್ಲಿ ಎರಡೂ ಒಂದೇ ಥರ ಮಣ್ಣಿನ ಬಣ್ಣ ಕಾಣುತ್ತಿದ್ದವು. ಕಿಟಕಿ ಹತ್ತಿರ ತೆಗೆದುಕೊಂಡು ಹೋದಾಗಲೇ ಯಾವುದು ಯಾವುದು ಅಂತ ಗೊತ್ತಾಗಿದ್ದು. ಕಾರಣ ಸರಳ. ಬಿಳಿ ಎಲ್‌ಇಡಿ ನಿಜವಾಗಿ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಒಂದು ಪದರ ಇರುತ್ತದೆ. ನೀಲಿ, ಹಳದಿ ಸೇರಿ ಬಿಳಿ ಆಯಿತು. ಇದರಿಂದಾಗಿ ನಮ್ಮ ದೀಪಗಳೆಲ್ಲ ಬದಲಾದವು, ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೋ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಆದರೆ ಸಾಧಾರಣ ಎಲ್‌ಇಡಿಗಳಲ್ಲಿ ಕೆಂಪು ತೀರಾ ಕಡಿಮೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಕೆಂಪು ತಂತಿ ಕೆಂಪಾಗಿ ಕಾಣುವುದಾದರೂ ಹೇಗೆ?

ಒಂದು ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು ಅಳೆಯುವ ಸಂಖ್ಯೆ ಸಿಆರ್‌ಐ. ಬಿಸಿಲಿಗೆ 100. ಸಾಮಾನ್ಯ ಟಾರ್ಚುಗಳಲ್ಲಿ 70ರ ಆಸುಪಾಸು. ನೀವು 90 ಅಥವಾ ಅದಕ್ಕೂ ಮೇಲಿನದನ್ನು ಹುಡುಕಿ. ಪರೀಕ್ಷೆ ಮಾಡಲು ಯಂತ್ರ ಬೇಡ, ಕತ್ತಲಲ್ಲಿ ಅಂಗೈ ಮೇಲೆ ಬೆಳಕು ಬಿಡಿ. ಕಡಿಮೆ ಸಿಆರ್‌ಐ ಆದರೆ ಬೂದಿ ಬಳಿದ ಹಾಗೆ ಪೇಲವವಾಗಿ ಕಾಣುತ್ತದೆ. ಒಳ್ಳೆಯದಾದರೆ ರೇಖೆಗಳ ಸುತ್ತಿನ ಕೆಂಪು, ಬೆರಳ ತುದಿಯ ಗುಲಾಬಿ ಎಲ್ಲ ಎದ್ದು ಬರುತ್ತದೆ. ಒಮ್ಮೆ ಅದನ್ನು ಕಂಡವರು ವಾಪಸ್ ಹೋಗುವುದು ಕಷ್ಟ. ಇದಕ್ಕೆ ಸ್ವಲ್ಪ ಲುಮೆನ್ ಬಿಟ್ಟುಕೊಡಬೇಕಾಗುತ್ತದೆ. ನಾನು ಖುಷಿಯಿಂದ ಬಿಟ್ಟುಕೊಡುತ್ತೇನೆ. ಬೆಳಕಿನ ಛಾಯೆಯನ್ನು ಹೇಳುವುದು ಕೆಲ್ವಿನ್. 4000ದಿಂದ 5000 ಕೆಲ್ವಿನ್ ಹಿತ. 6500 ಆದರೆ ನೀಲಿಗೆ ತಿರುಗುತ್ತದೆ.

ಬ್ಯಾಟರಿಗೆ ಬರೋಣ. 18650 ಅನ್ನುವ ಹೆಸರು ನೋಡಿ ಹೆದರಬೇಡಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅಷ್ಟೇ ಅರ್ಥ. ಅದೂ ಅದಕ್ಕಿಂತ ದೊಡ್ಡ 21700 ಸೆಲ್ಲೂ ತುಂಬಾ ಹೊತ್ತು ಬರುತ್ತವೆ, ಆದರೆ ಪ್ಯಾಂಟಿನ ಜೇಬಿನಲ್ಲಿ ಇದೆ ಅನ್ನುವುದು ಗೊತ್ತಾಗುತ್ತಲೇ ಇರುತ್ತದೆ. ಎಎಎ ಸೆಲ್ಲಿನ ಟಾರ್ಚ್ ಪೆನ್ನಿನಷ್ಟು ಸಣ್ಣ, ಬೆಳಕೂ ಅಷ್ಟಕ್ಕಷ್ಟೇ. ಎರಡರ ನಡುವೆ ಒಂದು ಎಎ ಸೆಲ್ಲಿನದು ನನಗೆ ಸರಿಯಾದ ಅಳತೆ ಅನಿಸುತ್ತದೆ. ಸೆಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಅದೇ ಗಾತ್ರದ 14500 ಲಿಥಿಯಂ ಸೆಲ್ ಹಾಕಿದರೆ ಬೆಳಕು ಇನ್ನೂ ಜೋರು, ಆದರೆ ಹಾಕಬಹುದು ಅಂತ ತಯಾರಕರೇ ಹೇಳಿದ್ದರೆ ಮಾತ್ರ. ಒಂದರ ವೋಲ್ಟೇಜ್ 1.5, ಇನ್ನೊಂದರದ್ದು ತುಂಬಿದಾಗ 4.2. ಸುಮ್ನೆ ಹಾಕಿ ನೋಡಿದರೆ ಟಾರ್ಚ್ ಸುಟ್ಟು ಹೋಗಬಹುದು.

ಆಲ್ಕಲೈನ್ ಸೆಲ್ ಹಾಕಿ ತಿಂಗಳುಗಟ್ಟಲೆ ಮರೆತುಬಿಡಬೇಡಿ. ನನಗೆ ತುಂಬಾ ಇಷ್ಟವಾಗಿದ್ದ ಒಂದು ಟಾರ್ಚ್ ಹೀಗೇ ಹೋಯಿತು. ಡ್ರಾಯರಿನಿಂದ ತೆಗೆದಾಗ ಹಿಂದಿನ ಮುಚ್ಚಳ ತಿರುಗಲೇ ಇಲ್ಲ. ಇಕ್ಕಳ ಹಿಡಿದು ತಿರುಗಿಸಿದರೆ ಒಳಗೆಲ್ಲ ಬಿಳಿ ಹಿಟ್ಟು ಕಟ್ಟಿಕೊಂಡು, ಸ್ಪ್ರಿಂಗ್ ಹಸಿರುಗಟ್ಟಿತ್ತು. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಬರಿಗೈಯಲ್ಲಿ ಮುಟ್ಟಬಾರದು. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದರೆ ಈ ಕಾಟ ತುಂಬಾ ಕಡಿಮೆ. ಯುಎಸ್‌ಬಿ-ಸಿ ಚಾರ್ಜಿಂಗ್ ಇದ್ದರೆ ಅನುಕೂಲವೇ, ಆದರೆ ಸೆಲ್ ಹೊರಗೆ ಬರುತ್ತದಾ ಕೇಳಿ. ಒಳಗೇ ಬೆಸೆದಿದ್ದರೆ ಸೆಲ್ ಮುಗಿದ ದಿನ ಟಾರ್ಚೂ ಮುಗಿಯಿತು. ಲಿಥಿಯಂ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಜೊತೆ ಬಿಡಿಯಾಗಿ ಇಡಬೇಡಿ. ಎರಡು ತುದಿಗೂ ಲೋಹ ತಗುಲಿ ಶಾರ್ಟ್ ಆದರೆ ಬೆಂಕಿಯೇ ಹತ್ತಬಹುದು.

ಸ್ವಿಚ್ ಬದಿಯಲ್ಲಿದ್ದರೆ ಜೇಬಿನೊಳಗೆ ತಾನಾಗಿ ಒತ್ತಿಕೊಂಡು ಬಟ್ಟೆ ಬಿಸಿಯಾಗುವ ಅಪಾಯ ಇದೆ. ಲಾಕ್ ಮಾಡುವ ವ್ಯವಸ್ಥೆ ಇರಬೇಕು, ಇಲ್ಲವೇ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಸಂಪರ್ಕ ತಪ್ಪಬೇಕು. ಕ್ಲಿಪ್ ಗಟ್ಟಿ ಇರಲಿ. ನೀರಿಗೆ ಐಪಿಎಕ್ಸ್4 ಅಂದರೆ ಎರಚಿದ ನೀರು ತಡೆಯುತ್ತದೆ, ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಪರವಾಗಿಲ್ಲ.

ಫೋನಿನಲ್ಲೇ ಟಾರ್ಚ್ ಇದೆಯಲ್ಲ ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಇದೆ, ಆತುರಕ್ಕೆ ಆಗುತ್ತದೆ. ಆದರೆ ಸಿಂಕಿನ ಕೆಳಗೆ ಅಂಗಾತ ಮಲಗಿ ಎರಡೂ ಕೈಯಲ್ಲಿ ಪೈಪ್ ಹಿಡಿದಿರುವಾಗ ಫೋನನ್ನು ಎಲ್ಲಿ ನಿಲ್ಲಿಸುತ್ತೀರಿ? ಪುಟ್ಟ ಟಾರ್ಚನ್ನು ಟೋಪಿಯ ಅಂಚಿಗೆ ಸಿಕ್ಕಿಸಬಹುದು. ಕರೆಂಟ್ ಹೋದ ರಾತ್ರಿ ಫೋನಿನ ಚಾರ್ಜ್ ಮಾತಾಡಲು ಉಳಿಯುತ್ತದೆ.

ನೀವು ಹೇಳಿದ ಮೂರರಲ್ಲಿ 3000ದ್ದನ್ನು ಬಿಡಿ, ಜೇಬಿಗೆ ಭಾರ. 300ರದ್ದು 1 ಲುಮೆನ್ ಹತ್ತಿರದಿಂದ ಶುರುವಾಗಿ, ಸಿಆರ್‌ಐ 90 ದಾಟಿ, ಸೆಲ್ ಬದಲಿಸಲು ಬರುವುದಾದರೆ ಅದನ್ನೇ ತೆಗೆದುಕೊಳ್ಳಿ. ಅದು ಬರೀ ಒಂದೇ ಮೋಡಿನದಾಗಿದ್ದು 1000ದ್ದರಲ್ಲಿ ಇವೆಲ್ಲ ಇದ್ದರೆ 1000ದ್ದು. ಜೊತೆಗೆ ಇನ್ನೊಂದು ಸೆಲ್ ಚಾರ್ಜ್ ಮಾಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿ ಇಟ್ಟಿರಿ.